ಹದಿನೇಳನೆಯ ಟೇಕ್

“ಒನ್ ಮೋರ್ ಟೇಕ್, ಮೇಡಂ. ಅಳು ಇನ್ನೂ ಬರಾಕತ್ತಿಲ್ಲ.”

ಹೆಡ್‌ಫೋನಿನಲ್ಲಿ ಆ ಮಾತು ಕೇಳಿದ್ದೇ ಅಂಜನಾ ಏಳನೆಯ ಸಲ ಅಳಲು ಶುರು ಮಾಡಿದಳು.

ಮೊದಲ ಸಲ ಅತ್ತಾಗ, ನೆಗಡಿ ಬಂದವರ ಹಂಗ ಆತು ಅಂದಿತ್ತು ಆ ದನಿ. ಎರಡನೆಯ ಸಲ, ಉಳ್ಳಾಗಡ್ಡಿ ಹೆಚ್ಚಿದಂಗ ಆತು ಅಂದಿತ್ತು. ಐದನೆಯ ಸಲ, ಗಂಡನ ಮನೆಗೆ ಹೊರಟವರ ಅಳು ಬೇಡ, ಗಂಡನ ಮನೆಯಿಂದ ವಾಪಸ್ ಬಂದವರ ಅಳು ಬೇಕು ಅಂದಿತ್ತು. ಪಾಪ, ಅಂಜನಾ ಅದನ್ನೂ ಅತ್ತಳು. ರೆಕಾರ್ಡಿಂಗ್ ಕೋಣೆಯ ಗಾಜಿನ ಆಚೆ ಕತ್ತಲಿತ್ತು, ಯಾರೂ ಕಾಣುತ್ತಿರಲಿಲ್ಲ. ಸೌಂಡ್ ನೋಡಿಕೊಳ್ಳುವ ಉಜೈರ್ ಬಹಳ ಕಟ್ಟುನಿಟ್ಟಿನ ಮನುಷ್ಯ ಎಂದು ಕೇಳಿದ್ದಳು. ಇಷ್ಟು ಕಟ್ಟುನಿಟ್ಟು ಅಂತ ಗೊತ್ತಿರಲಿಲ್ಲ.

ಎಂಟನೆಯ ಸಲಕ್ಕೆ ನಿಜವಾದ ಕಣ್ಣೀರೇ ಬಂತು. ಹೆಡ್‌ಫೋನ್ ಕಿತ್ತಿಟ್ಟು ಬಾಗಿಲು ತಳ್ಳಿಕೊಂಡು ಹೊರಗೆ ಬಂದಳು.

ಉಜೈರ್ ಆಗಷ್ಟೇ ಮೆಟ್ಟಿಲು ಹತ್ತಿ ಬರುತ್ತಿದ್ದ. ಎರಡೂ ಕೈಯಲ್ಲಿ ಚಹಾದ ಗ್ಲಾಸು.

ಹಾಗಾದರೆ ಮೈಕಿನ ಮುಂದೆ ಕೂತವನು...?

ಒಬ್ಬ ಉದ್ದನೆಯ ಹುಡುಗ. ಒಂದು ಕೈಯಲ್ಲಿ ಅರ್ಧ ತಿಂದ ಕೆಂಪು ಬಾಳೆಹಣ್ಣು. ಅವಳ ಒದ್ದೆ ಮುಖ ನೋಡಿ, ಅಚ್ಚು ಉಜೈರನದೇ ದನಿಯಲ್ಲಿ ಅಂದ, “ಈಗ ಬಂತ್ ನೋಡ್ರಿ ಅಳು. ಓಕೆ ಟೇಕ್.”

ಅವನ ಹೆಸರು ಅಣವೀರಪ್ಪ. ಕಮಲಾಪುರದವನು. ಆಟೋಕ್ಕೆ ಮೈಕ್ ಕಟ್ಟಿಕೊಂಡು ಸೀರೆ ಅಂಗಡಿಯ ರಿಯಾಯ್ತಿಯಿಂದ ಹಿಡಿದು ಕಳೆದುಹೋದ ಎಮ್ಮೆಯವರೆಗೆ ಎಲ್ಲವನ್ನೂ ಊರಿಗೆ ಸಾರುವುದು ಅವನ ಕೆಲಸ. ಯಾರ ದನಿ ಬೇಕಾದರೂ ತೆಗೆಯುತ್ತಿದ್ದ. ಬಸ್ ಕಂಡಕ್ಟರ್ ಮುಂದೆ ಹೀರೋ ಆಗುತ್ತಿದ್ದ, ನಾಯಿ ಅಟ್ಟಿಸಿಕೊಂಡು ಬಂದರೆ ವಿಲನ್ ಆಗುತ್ತಿದ್ದ. ನಾಯಿಗೂ ಡೈಲಾಗ್ ಹೊಡೆಯುವವನು.

ಅಂಜನಾ ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ನಗರದ ಒಂದು ಮಕ್ಕಳ ಸಿನಿಮಾ ಬಳಗ, ಚೀನಾದ ಜಾನಪದ ಕಥೆಯೊಂದರ ಅನಿಮೇಷನ್ ಚಿತ್ರವನ್ನು ನಮ್ಮ ಕಡೆಯ ಮಾತಿನಲ್ಲೇ ಡಬ್ ಮಾಡಿ ಶಾಲೆಗಳಲ್ಲಿ ತೋರಿಸಲು ಹೊರಟಿತ್ತು. ಮಾತು ಬರೆಯುವುದು ಅಂಜನಾ. ಕಥಾನಾಯಕಿಯ ದನಿಯೂ ಅವಳದೇ.

ಕಥೆ ಸಣ್ಣದು. ಆಕಾಶದಲ್ಲಿ ಮೋಡ ನೇಯುವ ಹುಡುಗಿ. ಭೂಮಿಯಲ್ಲಿ ದನ ಕಾಯುವ ಹುಡುಗ. ಇಬ್ಬರ ನಡುವೆ ನಕ್ಷತ್ರಗಳ ಹೊಳೆ. ಹುಡುಗನ ಜೊತೆ ಮಾತಾಡುವ ಒಂದು ಮುದಿ ಎತ್ತು. ಕೊನೆಗೆ ಆ ಎತ್ತು ತನ್ನ ಕೊಂಬು ಮುರಿದು ದೋಣಿ ಮಾಡಿಕೊಡುತ್ತದೆ.

ಎತ್ತಿನ ದನಿ ಅಣವೀರನದು.

‘ಇವನ ಜೊತೆ ಮೂರು ತಿಂಗಳಾ? ದೇವರೇ...’ ಅಂದುಕೊಂಡಳು ಅಂಜನಾ.

ಮೋಮಿನಪುರದಲ್ಲಿ ಹೊಲಿಗೆ ಅಂಗಡಿಯ ಮೇಲಿದ್ದ ಆ ಕೋಣೆಯ ಗೋಡೆಗೆಲ್ಲ ಹಳೆಯ ಕೌದಿ ಹೊಡೆದಿದ್ದರು. ಟೇಕ್ ಶುರುವಾಗುವ ಮುಂಚೆ ಉಜೈರ್ ಕಿಟಕಿಯಿಂದ “ಮಷೀನ್ ಬಂದ್” ಅಂತ ಕೂಗಿದರೆ ಕೆಳಗೆ ಹೊಲಿಗೆ ನಿಲ್ಲುತ್ತಿತ್ತು. ಒಂದೊಂದು ಅಂಗಿಯ ತೋಳು ಇವರ ಡೈಲಾಗಿಗಾಗಿ ಅರ್ಧಕ್ಕೇ ಕಾಯುತ್ತಿತ್ತು.

ಅಂಜನಾ ಎತ್ತಿಗೆ ಬರೆದ ಮೊದಲ ಮಾತು, ‘ಎಲೈ ಬಾಲಕನೇ, ದುಃಖಿಸದಿರು.’

ಅಣವೀರ ಅದನ್ನು ಎರಡು ಸಲ ಓದಿದ. “ಟೀಚರ್, ಇದು ಎತ್ತು ರೀ. ಆಸ್ಥಾನ ಪಂಡಿತ ಅಲ್ಲ.”

ಅವನ ಬಾಯಲ್ಲಿ ಆ ಮಾತು, ‘ಏ ತಮ್ಮಾ, ಅಳಬ್ಯಾಡ. ನಾ ಅದೀನಲ್ಲ’ ಎಂದಾಯಿತು. ಹೇಳಿದ್ದು ಒಂದೇ ಟೇಕ್. ಅಷ್ಟಕ್ಕೇ ಅಂಜನಾಳ ಎದೆಯೊಳಗೆ ಏನೋ ಹಿತವಾಯಿತು. ಎತ್ತು ತನಗೇ ಹೇಳಿದಂತೆ!

ಅವಳು ಅವನಿಗೆ ಡಬ್ಬಿಂಗಿನ ಲೆಕ್ಕ ಕಲಿಸಿದಳು. ಚಿತ್ರದ ಬೊಂಬೆಯ ತುಟಿ ಕಾಣುವಾಗ ಮಾತು ತುಟಿಗೆ ಕೂಡಬೇಕು. ‘ಮ’ ಬಂದರೆ ಬಾಯಿ ಮುಚ್ಚಿರಬೇಕು. ಬೆನ್ನು ತಿರುಗಿಸಿದ ದೃಶ್ಯವಿದ್ದರೆ ಮಾತ್ರ ಚಿಂತೆಯಿಲ್ಲ. ಅಲ್ಲಿ ಏನು ಬೇಕಾದರೂ ಹೇಳಬಹುದು, ಯಾರಿಗೂ ತಪ್ಪು ಕಾಣುವುದಿಲ್ಲ.

ಅವನು ತಲೆಯಾಡಿಸಿದ. ಬಹಳ ಹೊತ್ತು ಏನೂ ತಮಾಷೆ ಮಾಡಲಿಲ್ಲ. ಅದನ್ನು ಅವಳು ಆವತ್ತೇ ಗಮನಿಸಬೇಕಿತ್ತು.

ಪ್ರತಿ ಶನಿವಾರ ಪೇಪರಿನಲ್ಲಿ ಸುತ್ತಿದ ನಾಲ್ಕು ಕೆಂಪು ಬಾಳೆಹಣ್ಣು ಅವಳ ಚೀಲದ ಪಕ್ಕ ಇರುತ್ತಿದ್ದವು. ಕೇಳಿದರೆ, ನಮ್ಮವ್ವ ಕೊಟ್ಟಾಳ್ರಿ ಅನ್ನುತ್ತಿದ್ದ.

ಆದರೆ ಅವನ ತುಂಟತನ ನಿಲ್ಲಲಿಲ್ಲ. ಒಂದು ಶನಿವಾರ ಸಂಜೆ ಅವಳ ಫೋನಿಗೆ ಹೆಡ್‌ಮೇಡಂ ದನಿಯಲ್ಲಿ ಕರೆ ಬಂತು, ನಾಳೆ ಏಳಕ್ಕೆ ಸ್ಪೆಷಲ್ ಕ್ಲಾಸು ಅಂತ. ಭಾನುವಾರ ಬೆಳಿಗ್ಗೆ ಅಂಜನಾ ಬೀಗ ಹಾಕಿದ ಗೇಟಿನ ಮುಂದೆ ಒಂದು ತಾಸು ನಿಂತಿದ್ದಳು. ವಾಚ್‌ಮನ್ ಖಂಡೆಪ್ಪ ಹಲ್ಲುಜ್ಜುತ್ತಾ ಬಂದು, ಸೂಟಿ ದಿನಾ ಯಾಕ್ರಿ ಟೀಚರ್ ಅಂತ ಕೇಳಿದಾಗಲೇ ಗೊತ್ತಾಗಿದ್ದು. ಸೋಮವಾರ ಇಡೀ ಸ್ಟಾಫ್ ರೂಮ್ ನಕ್ಕಿತು.

‘ನನ್ನ ದಿನಾನೂ ಬರ್ತದ, ಅಣವೀರಪ್ಪ. ನಿನ್ನನ್ನೂ ಹಿಂಗ ನಾಕು ಮಂದಿ ಮುಂದ ನಿಲ್ಲಿಸ್ತೀನಿ,’ ಅಂತ ಮನಸ್ಸಿನಲ್ಲೇ ಅಂದುಕೊಂಡಳು ಅಂಜನಾ.

ಅಯ್ಯೋ... ಆ ದಿನ ಬಾರದೇ ಇದ್ದಿದ್ದರೆ!

ಬಂದದ್ದು ಹೀಗೆ.

ದನ ಕಾಯುವ ಹುಡುಗನಿಗೆ ದನಿ ಕೊಡುತ್ತಿದ್ದ ನಾಟಕದ ಹುಡುಗನಿಗೆ ಜ್ವರ. ಹುಡುಗ ಹೊಳೆಯ ದಂಡೆಯಲ್ಲಿ ನಿಂತು ಮಾತಾಡುವ ದೃಶ್ಯಕ್ಕೆ ಅಂಜನಾ ಉತ್ತರ ಹೇಳಬೇಕಿತ್ತು. ಕಿವಿಯಲ್ಲಿ ಯಾರದಾದರೂ ಮಾತು ಇದ್ದರೆ ಉತ್ತರ ಸರಿಯಾಗಿ ಬರುತ್ತದೆ. ಅದಕ್ಕೆ ಗೈಡ್ ಟ್ರ್ಯಾಕ್ ಅನ್ನುತ್ತಾರೆ, ಆಮೇಲೆ ಅಳಿಸಿಹಾಕುವ ದನಿ. ಅದನ್ನು ಅಣವೀರ ಶುಕ್ರವಾರ ಮಧ್ಯಾಹ್ನ ಒಬ್ಬನೇ ಕೂತು ರೆಕಾರ್ಡ್ ಮಾಡಿದ. ಉಜೈರ್ ಮಷೀನಿನ ಬಟನ್ ತೋರಿಸಿ ನಮಾಜಿಗೆ ಹೋಗಿದ್ದ.

ಶನಿವಾರ ಅಂಜನಾ ಹೆಡ್‌ಫೋನ್ ಹಾಕಿಕೊಂಡಳು. ಪರದೆಯ ಮೇಲೆ ಹುಡುಗ ಹೊಳೆಗೆ ಮುಖ ಮಾಡಿ, ನಮಗೆ ಬೆನ್ನು ತಿರುಗಿಸಿ ನಿಂತ. ಕಿವಿಯಲ್ಲಿ ಅಣವೀರನ ದನಿ. ಅವಳು ಬರೆದುಕೊಟ್ಟ ಮಾತಲ್ಲ ಅದು.

“ಮಾರಿ ನೋಡಿ ಹೇಳಾಕ ಆಗಂಗಿಲ್ಲ. ಅದಕ ಬೆನ್ನು ತಿರುವಿ ಹೇಳಾಕತ್ತೀನಿ. ನಾ ಊರ ಮಂದಿ ದನಿ ಎಲ್ಲಾ ತೆಗೀತೀನಿ. ನಿನ್ನ ಮುಂದ ನಿಂತ್ರ ನನ್ನ ದನೀನ ಬರಂಗಿಲ್ಲ. ನೀ ಅಂದ್ರ ನನಗ ಜೀವ.”

ಅಂಜನಾ ಹೇಳಬೇಕಿದ್ದ ಉತ್ತರವನ್ನೇ ಮರೆತಳು.

‘ಖರೇ ಇದ್ರ...?’

ಮರುಕ್ಷಣವೇ ಬೀಗ ಹಾಕಿದ ಆ ಗೇಟು ಕಣ್ಣ ಮುಂದೆ ಬಂತು. ಇದೂ ಅದೇ! ಈಗ ನಾಚಿಕೊಂಡು ಹೊರಗೆ ಬಂದರೆ, ಓಕೆ ಟೇಕ್ ಅಂತಾನೆ. ನಂಬಿ ನಗೆಪಾಟಲಾಗುವ ಮೊದಲು ತಾನೇ ನಗುವುದು ಒಳ್ಳೆಯದು.

ಅವಳು ನಕ್ಕಳು. ಜೋರಾಗಿ, ಗಾಜಿನ ಆಚೆ ಕೇಳುವ ಹಾಗೆ.

ಗಾಜಿನ ಆಚೆ ಆವತ್ತು ದೀಪವಿತ್ತು. ಅಣವೀರ ಅವಳ ಮುಖವನ್ನೇ ನೋಡುತ್ತಾ ನಿಂತಿದ್ದ. ನಗು ನೋಡಿದ ಮೇಲೆ ಎರಡು ಸಲ ಕಣ್ಣು ಮಿಟುಕಿಸಿದ. ಆಮೇಲೆ ಸಿನಿಮಾ ಹೀರೋನ ಹಾಗೆ ಕಾಲರ್ ಎತ್ತಿಕೊಂಡು, “ಹೆಂಗಿತ್ರಿ ಟೀಚರ್ ನಮ್ಮ ಆಕ್ಟಿಂಗು?” ಅಂದ.

ನೋಡು, ತಮಾಷೆಯೇ ಅಂತ ಅವಳಿಗೆ ಖಾತ್ರಿಯಾಯಿತು. ಖಾತ್ರಿಯಾದಾಗ ಖುಷಿಯಾಗಬೇಕಿತ್ತಲ್ಲ? ಯಾಕೋ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಉಜೈರನಿಗೆ ಹೇಳಿದಳು, ಮುಂದಿನ ಭಾನುವಾರದ ಟ್ರಯಲ್ ಶೋದಲ್ಲಿ ಆ ಗೈಡ್ ಟ್ರ್ಯಾಕ್ ಹಾಗೇ ಇರಲಿ, ಮಜಾ ಆಗ್ತದ ಅಂತ.

ಟ್ರಯಲ್ ಶೋಗೆ ಬಳಗದವರು, ಅವರ ಮನೆಯವರು ಅಂತ ನಲವತ್ತು ಜನ ಸೇರಿದ್ದರು. ಅಣವೀರನ ತಾಯಿ ಶಾರದಾಬಾಯಿ ಕಮಲಾಪುರದಿಂದ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಮಗನ ದನಿಯ ಎತ್ತು ಬಾಯಿ ತೆರೆದಾಗಲೆಲ್ಲ ಪಕ್ಕದವರಿಗೆ, ನನ್ನ ಮಗ ಅಂತ ಹೇಳುತ್ತಿದ್ದರು.

ಹೊಳೆಯ ದಂಡೆಯ ದೃಶ್ಯ ಬಂತು. ‘ನೀ ಅಂದ್ರ ನನಗ ಜೀವ.’ ಇಡೀ ಹಾಲು ಅಣವೀರನ ದನಿ ಗುರುತು ಹಿಡಿದು ಗೊಳ್ಳೆಂದು ನಕ್ಕಿತು. ಯಾರೋ ಸೀಟಿ ಹೊಡೆದರು. ‘ಯಾರಿಗಪ್ಪಾ ಇದು?’ ಅಂತ ಹಿಂದಿನಿಂದ ಒಬ್ಬರು ಕೂಗಿದರು. ಅಂಜನಾಳೂ ನಗುತ್ತಾ ಅವನ ಕಡೆ ತಿರುಗಿದಳು, ‘ಈಗ ಹೇಳು’ ಅನ್ನುವ ಹಾಗೆ.

ಅವನೂ ನಗುತ್ತಿದ್ದ. ಆದರೆ ತುಟಿಗೂ ಮುಖಕ್ಕೂ ಕೂಡುತ್ತಿರಲಿಲ್ಲ. ಡಬ್ಬಿಂಗ್ ತಪ್ಪಿದ ಹಾಗೆ.

ಶಾರದಾಬಾಯಿ ಮಾತ್ರ ನಗಲಿಲ್ಲ. ತಿರುಗಿ ಕೇಳಿದರು, “ಯಾರಿಗಂದ್ಯೋ ಮಗಾ?”

“ಯಾರಿಗೂ ಇಲ್ಲವ್ವ. ಸುಮ್ನ ನಗ್ಸಾಕ, ಮಷ್ಕಿರಿ.”

ಆವತ್ತು ಹೋದವನು ಮತ್ತೆ ಮೋಮಿನಪುರದ ಮೆಟ್ಟಿಲು ಹತ್ತಲಿಲ್ಲ. ಎತ್ತು ಕೊಂಬು ಮುರಿಯುವ ಕೊನೆಯ ದೃಶ್ಯ ಹಾಗೇ ಉಳಿಯಿತು. ಫೋನ್ ಮಾಡಿದರೆ ಎತ್ತಲಿಲ್ಲ. ಇನ್ನೊಬ್ಬ ಮಿಮಿಕ್ರಿಯವನನ್ನು ಕರೆಸಿ ಮಾಡಿಸಿದರು. ಅದನ್ನು ತನ್ನ ಕ್ಲಾಸಿನ ಮಕ್ಕಳಿಗೆ ಅಂಜನಾ ಕೇಳಿಸಿದಾಗ, ಮೊದಲಿನ ದೃಶ್ಯಗಳನ್ನು ಕೇಳಿದ್ದ ಫರ್ಹೀನ್ ಎಂಬ ಹುಡುಗಿ ಕೈ ಎತ್ತಿ ಹೇಳಿದಳು, “ಟೀಚರ್, ಇದು ಆ ಎತ್ತಲ್ಲ.”

ಅಲ್ಲ. ಅದು ಅಂಜನಾಗೂ ಗೊತ್ತಿತ್ತು. ಶನಿವಾರ ಬಂದಾಗಲೆಲ್ಲ ಚೀಲದ ಪಕ್ಕ ಕೈ ತಾನಾಗಿಯೇ ತಡಕುತ್ತಿತ್ತು.

ಐದು ವಾರದ ಮೇಲೆ ಉಜೈರ್ ಅವಳನ್ನು ಕರೆಸಿದ. ಕಂಪ್ಯೂಟರಿನಲ್ಲಿ ಜಾಗ ಇಲ್ಲ ಅಂತ ಹಳೆಯ ಫೈಲ್ ಅಳಿಸಲು ಕೂತಿದ್ದನಂತೆ. ಆ ಶುಕ್ರವಾರದ್ದು ಒಂದು ಫೋಲ್ಡರ್ ಸಿಕ್ಕಿತಂತೆ.

“ಅಂಜನಾ ಮೇಡಂ, ಅಣವೀರ ಮಷ್ಕಿರಿ ಮಾಡ್ಲಿಕ್ಕೆ ಎಷ್ಟ್ ಟೇಕ್ ತಗೋತಾನ?”

“ಒಂದ.”

“ಇದಕ್ಕೆ ಹದಿನೇಳು ತಗೊಂಡಾನ.”

ಅವಳು ಕೂತು ಕೇಳಿದಳು. ಮೊದಲನೆಯದು ಪೂರಾ ಸಿನಿಮಾ ಹೀರೋ ದನಿ, ಮಧ್ಯದಲ್ಲಿ ತಾನೇ ನಕ್ಕು ನಿಲ್ಲಿಸಿದ್ದ. ಮೂರನೆಯದರಲ್ಲಿ ಎತ್ತಿನ ದನಿ. ಐದರಲ್ಲಿ ಕಂಡಕ್ಟರ್. ಎಂಟನೆಯದರಲ್ಲಿ ಬರೀ ಉಸಿರು. ಹನ್ನೊಂದರಲ್ಲಿ ‘ಅಂಜನಾ’ ಅಂತ ಹೆಸರು ಹಿಡಿದು, ಹೆದರಿ ಬಂದ್ ಮಾಡಿದ್ದ. ಒಂದೊಂದು ಟೇಕಿಗೂ ಒಂದೊಂದು ವೇಷ ಕಳಚುತ್ತಾ ಬಂದು, ಹದಿನೇಳನೆಯದರಲ್ಲಿ ಅವನ ಸ್ವಂತ ದನಿ ಒಂದೇ ಉಳಿದಿತ್ತು. ಸ್ವಲ್ಪ ನಡುಗುವ, ಯಾರದೂ ಅಲ್ಲದ ದನಿ.

ಅದಕ್ಕೆ ಅವಳು ನಲವತ್ತು ಜನರನ್ನು ನಗಿಸಿದ್ದಳು. ಅವನ ತಾಯಿಯ ಮುಂದೆ.

ಆ ದಿನ ಅಂಜನಾ ಅತ್ತ ಅಳುವಿಗೆ ಯಾರೂ ಒನ್ ಮೋರ್ ಅನ್ನಲಿಲ್ಲ.

ಮರುದಿನವೇ ಅವಳು ಕಮಲಾಪುರದ ಬಸ್ ಹತ್ತಿದಳು.

ಶಾರದಾಬಾಯಿ ಅವಳನ್ನು ಗುರುತು ಹಿಡಿದರು. ನೀರು ಕೊಟ್ಟರು, ಕೂಡು ಅಂದರು. ಮಗ ಆಟೋ ಮೈಕು ಬಿಟ್ಟಿದ್ದಾನೆ, ಹೂಂ ಉಹೂಂ ಬಿಟ್ಟು ಮಾತೇ ಇಲ್ಲ, ಮನೆಯಲ್ಲಿ ರೇಡಿಯೋ ಕೆಟ್ಟು ಕೂತಂಗಾಗಿದೆ ಅಂತ ಹೇಳಿದರು. ಅಂಜನಾ ತಲೆ ತಗ್ಗಿಸಿ, ಪ್ರತಿ ಶನಿವಾರ ನೀವು ಕಳಿಸಿದ ಹಣ್ಣು ತಿಂದವಳು ನಾನೇ ಅಂದಳು.

ಶಾರದಾಬಾಯಿ ಅಲ್ಲವೆಂದು ತಲೆಯಾಡಿಸಿದರು.

“ನಾ ಒಂದ್ ಸಲಾನೂ ಕಳಿಸಿಲ್ಲ ತಂಗಿ. ಅವನೇ ಗೊನಿ ಗೊನಿ ತಿರುಗಿ ಆರಿಸಿ ಒಯ್ತಿದ್ದ. ಯಾರಿಗಂತ ಕೇಳಿದ್ರ, ಉಜೈರಗ ಅಂತಿದ್ದ.”

ಅಣವೀರ ಬಾಳೆಯ ತೋಟದಲ್ಲಿ ಒಣಗಿದ ಎಲೆ ಕೊಯ್ಯುತ್ತಿದ್ದ. ಅವಳನ್ನು ಕಂಡು ಕುಡುಗೋಲು ಕೆಳಗಿಟ್ಟ. ಅಷ್ಟೇ. ಯಾವ ದನಿಯೂ ಇಲ್ಲ, ಯಾವ ಡೈಲಾಗೂ ಇಲ್ಲ. ಮೂರು ತಿಂಗಳು ‘ಸುಮ್ನಿರ್ರಿ ಜರಾ’ ಅಂತ ಬೈದವಳು ಅವಳೇ. ಈಗ ಆ ಸುಮ್ಮನಿರುವಿಕೆಯನ್ನು ನೋಡಲಾಗಲಿಲ್ಲ.

ಹದಿನೇಳೂ ಕೇಳಿದೆ ಅಂತ ಹೇಳಿದಳು. ತಪ್ಪಾಯಿತು ಅಂದಳು. ಭಾನುವಾರದ ಗೇಟು, ಅಂಜಿಕೆ, ಸಿಟ್ಟು ಎಲ್ಲ ಹೇಳಿದಳು.

ಅವನು ಪೂರಾ ಕೇಳಿದ. “ನಿಮ್ದೇನೂ ತಪ್ಪಿಲ್ಲ ಟೀಚರ್. ದಿನಾ ಮಂದಿ ದನ್ಯಾಗ ಮಾತಾಡಾಂವ, ಒಂದಿನ ತನ್ನ ದನ್ಯಾಗ ಹೇಳಿದ್ರ ಯಾರ್ ನಂಬ್ತಾರ?”

“ನಾನೂ ನಿಮಗ ಒಂದ್ ಮಾತ್ ಹೇಳಬೇಕು. ಖರೇ ಅಂದ್ರ ನಾನೂ...”

“ಬ್ಯಾಡ್ರಿ.” ಅವನ ದನಿ ಗಟ್ಟಿಯಾಗಿರಲಿಲ್ಲ, ಬೇಡುವ ಹಾಗಿತ್ತು. “ತಪ್ಪು ಮಾಡಿದ್ದಕ್ಕ ಕಳವಳ ಆಗಿ ಹೇಳಾಕತ್ತೀರಿ. ಆ ಮಾತ್ ನನಗ ನಂಬಾಕ ಆಗಂಗಿಲ್ಲ. ಈಗ ನಂದೂ ನಿಮ್ದೂ ಹಣೇಬರ ಒಂದ ಆತ್ ನೋಡ್ರಿ.”

ಕುಡುಗೋಲು ಎತ್ತಿಕೊಂಡು ಬೆನ್ನು ತಿರುಗಿಸಿದ.

ವಾಪಸ್ ಬಸ್ಸಿನಲ್ಲಿ ಅಂಜನಾ ಆ ಬೆನ್ನನ್ನೇ ನೆನೆಯುತ್ತಾ ಕೂತಳು. ಬೆನ್ನು ತಿರುಗಿಸಿದ ದೃಶ್ಯ... ಅಲ್ಲಿ ಏನು ಬೇಕಾದರೂ ಹೇಳಬಹುದು. ಕಲಿಸಿದವಳು ತಾನೇ ಅಲ್ಲವೇ?

ಎರಡು ವಾರದ ನಂತರ ಕಮಲಾಪುರದ ಶಾಲೆಯಲ್ಲಿ ಸಿನಿಮಾ ಇತ್ತು. ಬೆಳಿಗ್ಗೆ ಹನ್ನೊಂದಕ್ಕೆ, ಕಿಟಕಿಗಳಿಗೆ ಜಮಖಾನೆ ಕಟ್ಟಿ ಕತ್ತಲು ಮಾಡಿದ್ದರು. ಊರಿನ ಎಲ್ಲ ಕಾರ್ಯಕ್ರಮಕ್ಕೂ ಮೈಕ್‌ಸೆಟ್ ಅಣವೀರನದೇ; ಹೆಡ್‌ಮಾಸ್ತರ್ ಕೇಳಿದಾಗ ಇಲ್ಲ ಅನ್ನಲಾಗದೆ ತಂದು ಹಿಂದಿನ ಗೋಡೆಗೆ ಒರಗಿ ನಿಂತಿದ್ದ. ಶಾರದಾಬಾಯಿ ಮಕ್ಕಳ ನಡುವೆ ಕೂತಿದ್ದರು. ಅಂಜನಾ ತನ್ನ ಅಪ್ಪ ದತ್ತಪ್ಪನವರನ್ನೂ ಕರೆತಂದು ಶಾರದಾಬಾಯಿಯ ಪಕ್ಕ ಕೂರಿಸಿದ್ದಳು. ಯಾಕೆ ಅಂತ ಅಪ್ಪನಿಗೆ ಹೇಳಿರಲಿಲ್ಲ.

ಶೋ ಶುರುವಾಗುವ ಮುಂಚೆ ಉಜೈರ್ ಮೆಲ್ಲಗೆ ಕೇಳಿದ, ಕೊನೆಯ ದೃಶ್ಯದಲ್ಲಿ ಎತ್ತಿನ ಮಾತು ಖಾಲಿ ಇಟ್ಟೀರಿ, ಅವನು ಮಾತಾಡದಿದ್ದರೆ?

“ಎತ್ತು ಸುಮ್ನ ಇರ್ತದ. ನಾನೂ ಸುಮ್ನ ಕಲಬುರಗಿಗೆ ಹೋಗ್ತೀನಿ,” ಅಂದಳು ಅಂಜನಾ.

ಹೊಳೆಯ ಆಚೆ ದಂಡೆ ಬಂತು. ಮೋಡ ನೇಯುವ ಹುಡುಗಿ ಬೆನ್ನು ತಿರುಗಿಸಿ ನಿಂತಳು. ಅಂಜನಾಳ ದನಿ ಹಾಲಿನಲ್ಲಿ ತುಂಬಿತು. ಟೀಚರ್ ದನಿಯಲ್ಲ, ಪುಸ್ತಕದ ಮಾತೂ ಅಲ್ಲ.

“ನೀ ಬೆನ್ನು ತಿರುವಿ ಹೇಳಿದ್ದು ಕೇಳಿದೆ. ಕೇಳಿ ನಕ್ಕೆ. ಖರೇ ಇದ್ರ ಏನ್ ಮಾಡ್ಲಿ ಅನ್ನೋ ಅಂಜಿಕಿಗೆ ನಕ್ಕೆ. ನಿಮ್ಮವ್ವನ ಮುಂದ ಮಂದಿ ನಿನ್ನ ನೋಡಿ ನಗೂಹಂಗ ಮಾಡ್ದೆ. ಇವತ್ತ ನಮ್ಮಪ್ಪನ ಮುಂದ ಹೇಳಾಕತ್ತೀನಿ... ನನಗೂ ನೀ ಅಂದ್ರ ಜೀವ. ನಂಬಬೇಕಂತಿಲ್ಲ. ನಗೂದಿದ್ರ ನಗು.”

ಯಾರೂ ನಗಲಿಲ್ಲ. ಮಕ್ಕಳಿಗೆ ಅದು ಸಿನಿಮಾ. ದತ್ತಪ್ಪನವರು ಮಾತ್ರ ನಿಧಾನವಾಗಿ ತಿರುಗಿ ಮಗಳನ್ನು ನೋಡಿದರು, ಮತ್ತೆ ಪರದೆಯ ಕಡೆ ತಿರುಗಿದರು.

ಎತ್ತು ಬಂತು. ಹೊಳೆಯ ದಂಡೆಯಲ್ಲಿ ಮೊಣಕಾಲೂರಿತು. ಬಾಯಿ ತೆರೆಯಿತು.

ಸದ್ದಿಲ್ಲ.

ಅಂಜನಾ ಹಿಂದೆ ತಿರುಗಲಿಲ್ಲ. ತಿರುಗುವ ಧೈರ್ಯ ಇರಲಿಲ್ಲ. ಒಂದು... ಎರಡು... ಮೂರು... ಎತ್ತಿನ ತುಟಿ ಸುಮ್ಮನೇ ಆಡುತ್ತಿತ್ತು. ಎತ್ತು ಮಾತಾಡವಲ್ದು ಅಂತ ಮಕ್ಕಳು ಗುಜುಗುಜು ಶುರು ಮಾಡಿದರು. ‘ಮುಗೀತು,’ ಅಂದುಕೊಂಡಳು.

ಟಕ್ ಅಂತ ಮೈಕಿನ ಬಟನ್ ಸದ್ದು.

“ಏ ತಮ್ಮಾ... ಅಳಬ್ಯಾಡ.” ಹಿಂದಿನ ಗೋಡೆಯಿಂದ ದನಿ ಬಂತು, ಮೊದಲು ಒಡಕಾಗಿ, ಆಮೇಲೆ ಸರಿಯಾಗಿ. “ನನ್ನ ಕೊಂಬು ತಗೊ. ದೋಣಿ ಮಾಡು. ಆಚಿ ದಂಡ್ಯಾಗ ಆಕಿ ಬಾಳ ಹೊತ್ತಿಂದ ನಿಂತಾಳ. ಕಾಲು ನೋಯ್ತಾವ ಪಾಪ, ಲಗೂ ಹೋಗು.”

ಮಕ್ಕಳು ಹೋ ಅಂತ ಚಪ್ಪಾಳೆ ಹೊಡೆದರು. ಅಂಜನಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಕತ್ತಲಲ್ಲೇ ದತ್ತಪ್ಪನವರು ಪಕ್ಕದಲ್ಲಿದ್ದ ಶಾರದಾಬಾಯಿಯನ್ನು ಕೇಳಿದರು, “ಆ ಎತ್ತು ಯಾರದ್ರೀ?”

“ನಂದ ರೀ ಅಣ್ಣಾರ,” ಅಂದರು ಶಾರದಾಬಾಯಿ.

ಸಿನಿಮಾ ಮುಗಿದ ಮೇಲೆ ಅಣವೀರ ಶಾಲೆಯ ಬೇವಿನ ಮರದ ಕೆಳಗೆ ವೈರ್ ಸುತ್ತುತ್ತಿದ್ದ. ಅಂಜನಾ ಬಂದು ಎದುರು ನಿಂತಳು.

“ಎಷ್ಟ್ ಟೇಕ್ ತಗೊಂಡ್ರಿ?” ತಲೆ ಎತ್ತದೆ ಕೇಳಿದ.

“ಇಪ್ಪತ್ಮೂರು.”

“ನಂದು ಹದಿನೇಳ.”

“ಅಂದ್ರ ನಂದು ಜಾಸ್ತಿ ಖರೇ.”

ಅವನು ನಗಲು ಹೋದ, ಅರ್ಧಕ್ಕೇ ನಿಂತ. “ಆವತ್ತಿನ ನಗು ಇನ್ನೂ ಕಿವ್ಯಾಗ ಕೇಳ್ತದ ನನಗ.”

“ನನಗೂ ಕೇಳ್ತದ,” ಅಂದಳು ಅಂಜನಾ. “ಬಾಳ ದಿನ ಕೇಳ್ತದ. ಅದನ್ನ ಅಳಸಾಕ ಬರಂಗಿಲ್ಲ.”

ಹೋದ ಏಳು ವಾರ ಅವರ ನಡುವೆ ಹೊಳೆಯ ಹಾಗೆ ಹರಿಯಿತು.

“ಈಗ ಮಾರಿ ನೋಡಿ ಹೇಳು,” ಅಂದಳು ಮೆಲ್ಲಗೆ. ಅವಳು ಅವನನ್ನು ‘ನೀ’ ಅಂದದ್ದು ಅದೇ ಮೊದಲು, ಸಿನಿಮಾದ ಹೊರಗೆ.

ಅಣವೀರ ವೈರ್ ಕೆಳಗಿಟ್ಟು ತಲೆ ಎತ್ತಿದ. ಬಾಯಿ ತೆರೆದ. ಹೀರೋ ಬರಲಿಲ್ಲ, ವಿಲನ್ ಬರಲಿಲ್ಲ, ಎತ್ತೂ ಬರಲಿಲ್ಲ. ಬಂದದ್ದು ಹದಿನೇಳನೆಯ ಟೇಕಿನ ಆ ನಡುಗುವ ದನಿ.

“ಅಂಜನಾ.”

ಅವಳು ಕಣ್ಣೊರೆಸಿಕೊಂಡಳು.

“ಒನ್ ಮೋರ್ ಟೇಕ್.”